ತಲೆ ಮೇಲೆ ಬುಟ್ಟಿ ಹೊತ್ತ ರಾಜನನ್ನು ನೋಡಲು ಹೋಗಿದ್ದೆ

ಮೊದಲ ದಿನ, ಶುಕ್ರವಾರ

ವಿಮಾನ ಇಳಿದಾಗ ಬೆಳಗ್ಗೆ ಏಳು ಗಂಟೆ. ಲಂಡನ್ನಿನಲ್ಲಿರುವ ತಮ್ಮ ಹೀಥ್ರೂ ಏರ್‌ಪೋರ್ಟಿಗೆ ಬಂದಿದ್ದ. "ಮನೆಗೆ ಹೋಗಿ ಮಲ್ಕೋ ಅಕ್ಕ, ಮ್ಯೂಸಿಯಂ ನಾಳೆ ನೋಡೋಣ" ಅಂದ. ನನಗೆ ತಡೆಯುವಷ್ಟು ತಾಳ್ಮೆ ಇರಲಿಲ್ಲ. ಶುಕ್ರವಾರ ಮಾತ್ರ ಬ್ರಿಟಿಷ್ ಮ್ಯೂಸಿಯಂ ರಾತ್ರಿ ಎಂಟೂವರೆಯವರೆಗೆ ತೆರೆದಿರುತ್ತದೆ ಅಂತ ಮೈಸೂರಿನಲ್ಲೇ ನೋಡಿಕೊಂಡಿದ್ದೆ. ಎರಡು ಗಂಟೆ ಮಲಗಿ ಎದ್ದು, ಅನ್ನ ಸಾರು ಊಟ ಮಾಡಿ, ಸಂಜೆ ಟ್ಯೂಬ್ ಹತ್ತಿ ಹೋಬರ್ನ್‌ನಲ್ಲಿ ಇಳಿದೆವು.

ಇಷ್ಟು ಅವಸರ ಯಾಕೆ ಅಂತ ಹೇಳಬೇಕು. ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ಪ್ರತಿ ವರ್ಷ ಎಂಟನೇ ಕ್ಲಾಸಿನ ಮಕ್ಕಳಿಗೆ ಮೆಸೊಪೊಟೇಮಿಯಾ, ಅಂದರೆ ಇವತ್ತಿನ ಇರಾಕ್ ಕಡೆಯ ಹಳೆಯ ನಾಗರಿಕತೆ, ಹೇಳಿಕೊಡುವಾಗ ಬೋರ್ಡಿನ ಮೇಲೆ ಜಿಗ್ಗುರಾತ್ ಅನ್ನುವ ಮೆಟ್ಟಿಲು ಮೆಟ್ಟಿಲಾದ ಗುಡಿ ಗೋಪುರ ಬರೆಯುತ್ತೇನೆ, ಎರಡು ನದಿ ಎಳೆಯುತ್ತೇನೆ, ಮುಂದಕ್ಕೆ ಹೋಗುತ್ತೇನೆ. ಎರಡು ವರ್ಷದ ಹಿಂದೆ ಪಾಠಕ್ಕೆ ಚಿತ್ರ ಹುಡುಕುವಾಗ ಒಂದು ಪುಟ್ಟ ಲೋಹದ ಮೂರ್ತಿ ಕಣ್ಣಿಗೆ ಬಿತ್ತು. ಗಂಡಸು, ಬರಿಮೈ. ತಲೆ ಮೇಲೆ ಬುಟ್ಟಿ, ಅದನ್ನು ಎರಡೂ ಕೈ ಎತ್ತಿ ಹಿಡಿದಿದ್ದಾನೆ. ಯಾರೋ ಕೂಲಿಯವನು ಅಂದುಕೊಂಡೆ. ಕೆಳಗೆ ಓದಿದರೆ ರಾಜ! ಉರ್ ಪಟ್ಟಣದ ರಾಜ ಉರ್-ನಮ್ಮು.

ನನ್ನಮ್ಮ ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಕಟ್ಟಡದ ಕೆಲಸ ಮಾಡಿದವಳು. ಅಪ್ಪ ಗಾರೆ ಕೆಲಸ ಮಾಡುತ್ತಿದ್ದರು. ಅಮ್ಮ ಅವರಿಗೆ ಬಾಂಡ್ಲಿಯಲ್ಲಿ ಗಾರೆ ಹೊತ್ತು ಕೊಡುತ್ತಿದ್ದಳು. ಆ ಚಿತ್ರ ನೋಡಿದ ದಿನದಿಂದ ನನಗೆ ಆ ಮೂರ್ತಿಯ ಎದುರು ಒಂದು ಸಲ ನಿಲ್ಲಬೇಕು ಅನ್ನಿಸಿಬಿಟ್ಟಿತ್ತು. ದಸರಾ ರಜೆ ಬಂತು, ತಮ್ಮ ಕರೆದ, ಹೊರಟೆ.

ಮ್ಯೂಸಿಯಂಗೆ ಟಿಕೆಟ್ ಇಲ್ಲ. ಮೆಸೊಪೊಟೇಮಿಯಾದ ಕೋಣೆಗಳು ಮೇಲಿನ ಮಹಡಿಯಲ್ಲಿ, ನಮಗೆ ಬೇಕಿದ್ದದ್ದು 56ನೇ ಕೋಣೆ. ಕೆಳಗೆ ಈಜಿಪ್ಟಿನ ಕಡೆ ಜಾತ್ರೆ. ಇಲ್ಲಿ ಹತ್ತು ಹನ್ನೆರಡು ಜನ ಅಷ್ಟೇ. ಗಾಜಿನ ಪೆಟ್ಟಿಗೆಗಳನ್ನು ಒಂದೊಂದೇ ದಾಟಿ ಬಂದೆ. ಅವನು ಸಿಕ್ಕ.

ಎಷ್ಟು ಚಿಕ್ಕವನು! ಒಂದು ಅಡಿ ಆಸುಪಾಸು ಇರಬೇಕು. ಫೋಟೊದಲ್ಲಿ ಆಳೆತ್ತರ ಅನ್ನಿಸಿತ್ತು. ತಾಮ್ರ ಮಾಸಿ ಕಪ್ಪಾಗಿದೆ. ತಲೆ ಬೋಳು, ಗಡ್ಡ ಇಲ್ಲ, ಕಿರೀಟ ಇಲ್ಲ, ಸರ ಇಲ್ಲ. ಸೊಂಟದಿಂದ ಕೆಳಗೆ ಪಂಚೆಯ ಹಾಗೆ ಸುತ್ತಿದ ಬಟ್ಟೆ. ಆ ಬಟ್ಟೆಯ ಮೇಲೇ ಮೊಳೆಯಾಕಾರದ ಅಕ್ಷರದಲ್ಲಿ ಬರೆದಿದ್ದಾರೆ. ಉರುಕ್ ಪಟ್ಟಣದ ದೇವಿ ಇನಾನ್ನಾಳಿಗೆ, ಇಯಾನ್ನಾ ಗುಡಿಯ ಒಡತಿಗೆ, ಉರ್‌ನ ರಾಜ, ಸುಮೇರ್ ಮತ್ತು ಅಕ್ಕಾದ್‌ಗಳ ರಾಜ ಉರ್-ನಮ್ಮು ಆಕೆಯ ಮನೆ ಕಟ್ಟಿಕೊಟ್ಟ ಅನ್ನುವುದು ಅದರ ಸಾರ. ಸುಮೇರಿಯನ್ನರು, ಅಂದರೆ ದಕ್ಷಿಣ ಮೆಸೊಪೊಟೇಮಿಯಾದ ಆ ಹಳೆಯ ಜನ, ಗುಡಿಗೂ ಮನೆಗೂ ಒಂದೇ ಪದ ಬಳಸುತ್ತಿದ್ದರು, "ಎ" ಅಂತ. ನಾವೂ "ದೇವರ ಮನೆ" ಅನ್ನುತ್ತೇವೆ, ಅಲ್ವಾ?

ಅವನ ಆಳ್ವಿಕೆ ಕ್ರಿ.ಪೂ. 2100ರ ಸುತ್ತಮುತ್ತ. ಉರ್‌ನ ದೊಡ್ಡ ಜಿಗ್ಗುರಾತ್ ಕಟ್ಟಿಸಿದವನು ಇವನೇ. ಇಂದು ನಮಗೆ ಸಿಕ್ಕಿರುವ ಅತ್ಯಂತ ಹಳೆಯ ಕಾನೂನಿನ ಬರಹ ಇರುವುದೂ ಇವನ ಹೆಸರಿನಲ್ಲೇ. ಅಂಥವನು ದೇವಿಯ ಮುಂದೆ ತಾನು ಹೀಗೆ ಇರಬೇಕು ಅಂತ ಬಯಸಿದ್ದು ಇಟ್ಟಿಗೆಗೆ ಮಣ್ಣು ಹೊರುವ ಆಳಿನ ಹಾಗೆ. ಹೊಸ ಗುಡಿಯ ಮೊದಲ ಇಟ್ಟಿಗೆಗೆ ಬೇಕಾದ ಮಣ್ಣನ್ನು ರಾಜನೇ ತಲೆ ಮೇಲೆ ಹೊತ್ತು ತರಬೇಕು ಅನ್ನುವುದು ಅಲ್ಲಿನ ಪದ್ಧತಿ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಸಂಗತಿ. ಈ ಮೂರ್ತಿ ಯಾರಾದರೂ ನೋಡಲಿ ಅಂತ ಮಾಡಿದ್ದಲ್ಲ. ಗುಡಿ ಕಟ್ಟುವಾಗ ಪಾಯದಲ್ಲಿ ಸುಟ್ಟ ಇಟ್ಟಿಗೆಯ ಸಣ್ಣ ಗೂಡು ಮಾಡುತ್ತಿದ್ದರು. ಅದರೊಳಗೆ ಈ ಮೂರ್ತಿ, ಜೊತೆಗೆ ಇಟ್ಟಿಗೆಯ ಆಕಾರದ ಒಂದು ಕಲ್ಲಿನ ಫಲಕ. ಮೇಲೆ ಮುಚ್ಚಿ ಗೋಡೆ ಎಬ್ಬಿಸುತ್ತಿದ್ದರು. ನಿಪ್ಪೂರ್ ಅನ್ನುವ ಅಲ್ಲಿನ ಇನ್ನೊಂದು ಹಳೆಯ ಪಟ್ಟಣದಲ್ಲಿ ಅಗೆದಾಗ ಇಂಥ ಗೂಡುಗಳು ಕದಲದೆ ಸಿಕ್ಕಿವೆ. ಮೂರ್ತಿಗೆ ಬಟ್ಟೆ ಸುತ್ತಿದ ಗುರುತು ಕೂಡ ಉಳಿದಿತ್ತು. ನೋಡಬೇಕಾದವಳು ದೇವಿ ಒಬ್ಬಳೇ. ಇಲ್ಲವಾದರೆ ಮುಂದೆ ಯಾವಾಗಲೋ ಗುಡಿ ಕುಸಿದು, ಮತ್ತೆ ಕಟ್ಟಲು ಅಗೆಯುವ ಇನ್ನೊಬ್ಬ ರಾಜ. ಹಾಗಿದ್ದೂ ಮುಖವನ್ನು ಎಷ್ಟು ಮುತುವರ್ಜಿಯಿಂದ ತಿದ್ದಿದ್ದಾರೆ! ಕೆನ್ನೆಗೆ ತುಂಬು ಕೊಟ್ಟಿದ್ದಾರೆ. ಭುಜದಿಂದ ಮೊಣಕೈವರೆಗೆ ಭಾರ ಎತ್ತಿದ ಬಿಗಿ ಕಾಣುತ್ತದೆ. ಮಣ್ಣೊಳಗೆ ಹೋಗುವುದಕ್ಕೆ ಇಷ್ಟು ಶ್ರದ್ಧೆ.

ಫೋಟೊ ತೆಗೆದು ಅಮ್ಮನಿಗೆ ಕಳಿಸಿದೆ. ಊರಲ್ಲಿ ಆಗ ರಾತ್ರಿ ಹನ್ನೊಂದೂವರೆ, ಅವಳು ಮಲಗಿರುತ್ತಾಳೆ. ಕಾವಲಿನವರು ಬಂದು ಹೊತ್ತಾಯಿತು ಅನ್ನುವವರೆಗೆ ಅಲ್ಲೇ ಇದ್ದೆ.

ಎರಡನೇ ದಿನ, ಶನಿವಾರ

ಬೆಳಗ್ಗೆ ಎದ್ದಾಗ ಅಮ್ಮನ ವಾಯ್ಸ್ ಮೆಸೇಜ್ ಬಂದಿತ್ತು. "ಯಾರೇ ಇದು? ಸಿಂಬೆ ಇಲ್ದೆ ಹೊತ್ತಿದಾನಲ್ಲೇ. ನೆತ್ತಿ ಉರಿಯಲ್ವಾ ಪಾಪ? ಎರಡು ಕೈಲಿ ಹಿಡ್ಕೊಂಡಿದಾನೆ ಅಂದ್ರೆ ಬುಟ್ಟಿ ತುಂಬಾ ಇದೆ ಕಣೇ. ಅರ್ಧ ಇದ್ರೆ ಒಂದು ಕೈ ಸಾಕು."

ಎಷ್ಟೋ ಹೊತ್ತು ಆ ಮೂರ್ತಿ ನೋಡಿದ್ದ ನನಗೆ ಅದು ಹೊಳೆದಿರಲಿಲ್ಲ. ತಲೆ ಮೇಲೆ ಭಾರ ಇಟ್ಟು ಗೊತ್ತಿದ್ದವರ ಕಣ್ಣೇ ಬೇರೆ.

ತಮ್ಮನಿಗೆ ಬೇರೆ ಕೆಲಸ ಇತ್ತು. ಒಬ್ಬಳೇ ಮತ್ತೆ 56ನೇ ಕೋಣೆಗೆ ಹೋದೆ. ಶನಿವಾರ, ಜನ ಜಾಸ್ತಿ. ಇವತ್ತು ನಾನು ಅಂದುಕೊಂಡಿದ್ದು ಅಲ್ ಉಬೈದ್‌ನ ತಾಮ್ರದ ಹಲಗೆ.

ಅದನ್ನು ಹುಡುಕಬೇಕಾಗಿಯೇ ಇಲ್ಲ. ಸುಮಾರು 2.4 ಮೀಟರ್ ಅಗಲ, ಒಂದು ಮೀಟರ್‌ಗಿಂತ ಸ್ವಲ್ಪ ಜಾಸ್ತಿ ಎತ್ತರ. ನಡುವೆ ರೆಕ್ಕೆ ಬಿಚ್ಚಿದ ಹದ್ದು, ಅದಕ್ಕೆ ಸಿಂಹದ ತಲೆ. ಎರಡು ಕಡೆ ಎರಡು ಗಂಡು ಜಿಂಕೆ, ಬೆನ್ನಿಗೆ ಬೆನ್ನು ಮಾಡಿ ನಿಂತಿವೆ. ಹದ್ದಿನ ಉಗುರು ಎರಡರ ಮೇಲೂ ಇದೆ. ಈ ಹಕ್ಕಿಯ ಹೆಸರನ್ನು ಮೊದಲು ಇಮ್ದುಗುದ್ ಅಂತ ಓದುತ್ತಿದ್ದರು, ಈಗ ಅಂಜು ಅಂತ ಓದುತ್ತಾರೆ. ಜಿಂಕೆಗಳ ಕವಲು ಕೊಂಬು ಚೌಕಟ್ಟಿನ ಮೇಲೆ ಚಾಚಿಕೊಂಡಿವೆ. ಹದ್ದಿನ ತಲೆಯೂ ಚೌಕಟ್ಟು ಮೀರಿ ಮೇಲಕ್ಕೆ ಬಂದಿದೆ. ಆ ಕಲಾವಿದನಿಗೆ ಚೌಕಟ್ಟು ಸಾಲಲಿಲ್ಲ ಅನ್ನಿಸುತ್ತದೆ.

ಉರ್‌ನಿಂದ ಆರು ಕಿಲೋಮೀಟರ್ ದೂರದಲ್ಲಿ ಅಲ್ ಉಬೈದ್ ಅನ್ನುವ ದಿಬ್ಬ ಇದೆ. ಅಲ್ಲಿ ನಿನ್‌ಹುರ್ಸಾಗ್ ಅನ್ನುವ ತಾಯಿ ದೇವತೆಯ ಗುಡಿ ಇತ್ತು. ಆ ಹೆಸರಿಗೆ ಬೆಟ್ಟದ ಒಡತಿ ಅಂತ ಅರ್ಥ. ಬೆಟ್ಟವೇ ಇಲ್ಲದ ಬಯಲಿನಲ್ಲಿ ಬೆಟ್ಟದಮ್ಮ! 1919ರಲ್ಲಿ ಎಚ್.ಆರ್. ಹಾಲ್ ಅನ್ನುವ ಬ್ರಿಟಿಷ್ ಪುರಾತತ್ವಜ್ಞ ಅಗೆದಾಗ ಈ ಹಲಗೆ ಸಿಕ್ಕಿತು. ನಜ್ಜುಗುಜ್ಜಾಗಿತ್ತು, ತುಕ್ಕು ತಿಂದಿತ್ತು. ಈಗ ನಾವು ನೋಡುವುದರಲ್ಲಿ ರಿಪೇರಿ ಮಾಡಿ ಸೇರಿಸಿದ ಭಾಗವೂ ಇದೆ. ಆಮೇಲೆ 1923-24ರಲ್ಲಿ ಲೆನಾರ್ಡ್ ವುಲ್ಲಿ ಅನ್ನುವ ಇನ್ನೊಬ್ಬ ಪುರಾತತ್ವಜ್ಞ ಅಲ್ಲೇ ಅಗೆದ. ಗುಡಿ ಕಟ್ಟಿಸಿದವನ ಹೆಸರಿದ್ದ ಪುಟ್ಟ ಕಲ್ಲಿನ ಫಲಕ ಅವನಿಗೆ ಸಿಕ್ಕಿತು. ಉರ್‌ನ ರಾಜ ಮೆಸಾನ್ನೆಪಾದನ ಮಗ, ಉರ್‌ನ ರಾಜ ಆಆನ್ನೆಪಾದ. ಬರೀ ಕಥೆ ಅಂತ ಎಷ್ಟೋ ಜನ ತಳ್ಳಿಹಾಕಿದ್ದ ಹಳೆಯ ರಾಜರ ಪಟ್ಟಿಯಲ್ಲಿ ಈ ಅಪ್ಪನ ಹೆಸರು ಇತ್ತು. ಅಂಗೈಯಲ್ಲಿ ಹಿಡಿಯುವಷ್ಟು ಕಲ್ಲು ಅವನನ್ನು ಕಥೆಯಿಂದ ಇತಿಹಾಸಕ್ಕೆ ತಂದಿತು.

ಹತ್ತಿರದಲ್ಲೇ ಅದೇ ಗುಡಿಯ ತಾಮ್ರದ ಹೋರಿ. ಇದರ ಮುಂದೆ ತುಂಬ ಹೊತ್ತು ನಿಂತೆ. ಇದು ಎರಕ ಹೊಯ್ದದ್ದಲ್ಲ. ಮೊದಲು ಮರದಲ್ಲಿ ಹೋರಿ ಕೆತ್ತಿದ್ದಾರೆ. ಅದರ ಮೇಲೆ ಡಾಂಬರು ಬಳಿದಿದ್ದಾರೆ. ನಮ್ಮ ರಸ್ತೆಗೆ ಹಾಕುವಂಥದ್ದೇ, ಅಲ್ಲಿ ನೆಲದಿಂದ ತಾನಾಗಿ ಉಕ್ಕುತ್ತದೆ. ಆಮೇಲೆ ತೆಳ್ಳಗೆ ಬಡಿದ ತಾಮ್ರದ ತಗಡನ್ನು ಅದರ ಮೈಗೆ ಹೊದಿಸಿ, ಮಡಿಸಿ, ಮೊಳೆ ಹೊಡೆದಿದ್ದಾರೆ. ಮರ ಯಾವತ್ತೋ ಕೊಳೆತು ಹೋಗಿದೆ. ಕಾಲಿನ ಹತ್ತಿರ ಬಗ್ಗಿ ನೋಡಿದರೆ ತಗಡಿನ ಸುಕ್ಕು ಕಾಣುತ್ತದೆ. ನಮ್ಮಲ್ಲಿ ಮರದ ಬಾಗಿಲಿಗೆ ಹಿತ್ತಾಳೆ ತಗಡು ಹೊದಿಸುವಾಗ ಮೂಲೆಯಲ್ಲಿ ಬೀಳುತ್ತದಲ್ಲ, ಅಂಥ ಸುಕ್ಕು. 4,500 ವರ್ಷದ ಹಿಂದೆ ಒಬ್ಬ ಕುಶಲಿ ಆ ಸುಕ್ಕನ್ನು ಸುತ್ತಿಗೆಯಿಂದ ತಟ್ಟಿ ತಟ್ಟಿ ಕೂರಿಸಲು ನೋಡಿದ್ದಾನೆ. ಪೂರ್ತಿ ಕೂತಿಲ್ಲ.

ಈ ತಾಮ್ರ ಅಲ್ಲಿಯದಲ್ಲ ಅನ್ನುವುದನ್ನು ನೆನಪಿಡಬೇಕು. ದಕ್ಷಿಣ ಇರಾಕ್ ಪೂರ್ತಿ ನದಿ ತಂದ ಮಣ್ಣು. ಕಲ್ಲು ಇಲ್ಲ, ಅದಿರು ಇಲ್ಲ, ಒಳ್ಳೆಯ ಮರವೂ ಇಲ್ಲ. ತಾಮ್ರ ಮಗಾನ್‌ನಿಂದ, ಅಂದರೆ ಇವತ್ತಿನ ಒಮಾನ್ ಕಡೆಯಿಂದ, ಹಡಗಿನಲ್ಲಿ ಬರುತ್ತಿತ್ತು. ದಿಲ್ಮುನ್, ಅಂದರೆ ಬಹ್ರೇನ್, ನಡುವಿನ ಸಂತೆ. ಇನ್ನೂ ದೂರದ ಮೆಲುಹ್ಹದಿಂದ, ನಮ್ಮ ಸಿಂಧೂ ಕಣಿವೆಯ ಕಡೆಯಿಂದ, ಕೆಂಪು ಮಣಿ ಹೋಗುತ್ತಿತ್ತು. ಉರ್‌ನ ರಾಜರ ಗೋರಿಗಳಲ್ಲಿ ಸಿಕ್ಕ ಆ ಮಣಿಸರಗಳು ಇದೇ ಕೋಣೆಯಲ್ಲಿವೆ. ಕೆಂಪು ಮಣಿಯ ಮೇಲೆ ಬಿಳಿ ಗೆರೆ ಮೂಡಿಸುವುದು ನಮ್ಮ ಕಡೆಯವರ ಕೈಚಳಕ.

ಅಂದಹಾಗೆ, ಈಆ-ನಾಸಿರ್ ಅನ್ನುವ ತಾಮ್ರದ ವ್ಯಾಪಾರಿಗೆ ಗಿರಾಕಿ ಬರೆದ ಜೇಡಿಮಣ್ಣಿನ ಕಾಗದ ಕೂಡ ಇದೇ ಮ್ಯೂಸಿಯಂನದು. ಕ್ರಿ.ಪೂ. 1750ರ ಹೊತ್ತಿನದು. ನನ್ನಿ ಅನ್ನುವವನು ಸಿಟ್ಟಾಗಿ ಬರೆಸಿದ್ದಾನೆ: ಒಳ್ಳೆಯ ತಾಮ್ರ ಕೊಡುತ್ತೇನೆ ಅಂದೆ, ಕೆಟ್ಟ ಮಾಲು ತೋರಿಸಿದೆ, ನನ್ನ ಆಳನ್ನು ಬರಿಗೈಯಲ್ಲಿ ಕಳಿಸಿದೆ. ಫೋನಿನಲ್ಲಿ ಎಲ್ಲರೂ ಇದನ್ನು ಕಳಿಸಿಕೊಂಡು ನಗುತ್ತಾರೆ. ನನಗೆ ನಗು ಬರಲಿಲ್ಲ. ದುಡ್ಡು ಕೊಟ್ಟು ಮೋಸ ಹೋದವನ ಹೊಟ್ಟೆಯುರಿ ಅದು.

ಪೊದೆಗೆ ಕಾಲಿಟ್ಟು ನಿಂತ ಚಿನ್ನದ ಮೇಕೆಯ ಮುಂದೆ ಫೋಟೊ ತೆಗೆಯುವವರ ಸಾಲು ಇತ್ತು. ಚಿನ್ನದ ಮುಖ, ತಾಮ್ರದ ಕಿವಿ, ನೀಲಿ ಕಲ್ಲಿನ ಕೂದಲು. ಚೆಂದವೇ. ಆದರೆ ಅದು ಸಿಕ್ಕ ಗುಂಡಿಯಲ್ಲಿ 74 ಜನರ ಮೂಳೆ ಇತ್ತು, ಅದರಲ್ಲಿ 68 ಹೆಣ್ಣುಮಕ್ಕಳು. ಒಡೆಯನ ಜೊತೆ ಕಳಿಸಿದ್ದು. ಅಲ್ಲಿ ನಿಲ್ಲಲು ಆಗಲಿಲ್ಲ.

ಮೂರನೇ ದಿನ, ಭಾನುವಾರ

ಇಡೀ ದಿನ ಮಳೆ. ಮನೆಯಲ್ಲೇ ಇದ್ದೆವು. ತಮ್ಮ ಚಿತ್ರಾನ್ನ ಮಾಡಿದ.

"ಅಷ್ಟು ಹಿಂದೆ ಅದನ್ನ ಹೇಗೆ ಮಾಡಿದ್ರು ಅಕ್ಕ?" ಅಂತ ಕೇಳಿದ. ಬುಟ್ಟಿ ರಾಜನದು ಮೇಣದ ಎರಕ. ನಾಗಮಂಗಲದಲ್ಲಿ ಎರಕದ ಕೆಲಸ ಮಾಡುವವರ ಮನೆಗೆ ಒಂದು ಸಲ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ, ಅದನ್ನೇ ಅವನಿಗೆ ಹೇಳಿದೆ. ಮೊದಲು ಮೇಣದಲ್ಲಿ ಮೂರ್ತಿ ಮಾಡುತ್ತಾರೆ, ಕಣ್ಣು ಮೂಗು ಉಗುರು ಎಲ್ಲ ಮೇಣದಲ್ಲೇ ಮುಗಿಸಬೇಕು. ಅದರ ಮೇಲೆ ನುಣ್ಣನೆ ಮಣ್ಣು ತೆಳ್ಳಗೆ ಬಳಿದು ನೆರಳಲ್ಲಿ ಒಣಗಿಸುತ್ತಾರೆ. ಮತ್ತೆ ಒಂದು ಪದರ, ಮತ್ತೆ ಒಂದು. ಬೆಂಕಿಗೆ ಇಟ್ಟರೆ ಮೇಣ ಕರಗಿ ತೂತಿನಿಂದ ಇಳಿದುಹೋಗುತ್ತದೆ. ಆ ಖಾಲಿಗೆ ಕಾದ ಲೋಹ ಹೊಯ್ಯುತ್ತಾರೆ. ಆರಿದ ಮೇಲೆ ಮಣ್ಣು ಒಡೆಯುವುದು. ಅಚ್ಚು ಅಲ್ಲಿಗೆ ಮುಗಿಯಿತು, ಇನ್ನೊಂದು ಮೂರ್ತಿ ಬೇಕೆಂದರೆ ಮತ್ತೆ ಮೇಣದಿಂದಲೇ ಶುರು. ಅಲ್ಲಿದ್ದ ಹಿರಿಯರು ಲೋಹ ಹೊಯ್ಯುವಾಗ ಒಂದು ಮಾತೂ ಆಡಲಿಲ್ಲ. ಧಾರೆ ಕಡಿದರೆ ಕೆಲಸ ಕೆಟ್ಟಿತು, ಅದಕ್ಕೆ.

ಕಲ್ಯಾಣದ ಚಾಲುಕ್ಯರ ದೊರೆ ಮೂರನೇ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಈ ಮೇಣದ ಎರಕದ ವಿವರ ಇದೆ. ಅದು 12ನೇ ಶತಮಾನದ್ದು. ಉರ್-ನಮ್ಮು ಅದಕ್ಕಿಂತ 3,200 ವರ್ಷ ಹಿಂದಿನವನು.

ನಾಲ್ಕು ಮತ್ತು ಐದನೇ ದಿನ

ಸೋಮವಾರ ಸೇಂಟ್ ಪ್ಯಾಂಕ್ರಾಸ್‌ನಿಂದ ಯೂರೋಸ್ಟಾರ್ ಹತ್ತಿದೆವು. ಎರಡೂ ಕಾಲು ಗಂಟೆ ಚಿಲ್ಲರೆಯಲ್ಲಿ ಪ್ಯಾರಿಸ್. ಮಂಗಳವಾರ ಲೂವ್ರ್ ರಜೆ, ಹಾಗಾಗಿ ಊರು ಸುತ್ತಿದೆವು. ಸೆನ್ ನದಿಯ ದಂಡೆಯಲ್ಲಿ ಕೂತು ಬ್ರೆಡ್ ತಿಂದೆವು. ಅದರ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ.

ಆರನೇ ದಿನ, ಬುಧವಾರ

ಬಾಗಿಲು ತೆರೆಯುವ ಹೊತ್ತಿಗೇ ಹೋದೆವು. ಎಲ್ಲರೂ ಮೊನಾಲಿಸಾ ಕಡೆ ನುಗ್ಗಿದರು. ನಾವು ರಿಶೆಲ್ಯೂ ಭಾಗದ ನೆಲಮಹಡಿಗೆ ಬಂದೆವು. ಇರಾಕಿನ ತೆಲ್ಲೋ ಅನ್ನುವ ಊರಿನ ವಸ್ತುಗಳು ಇಲ್ಲಿವೆ. ಹಳೆಯ ಹೆಸರು ಗಿರ್ಸು, ಲಗಾಶ್ ರಾಜ್ಯದ್ದು. 1877ರಿಂದ ಫ್ರೆಂಚ್ ಅಧಿಕಾರಿ ಎರ್ನೆಸ್ಟ್ ದ ಸಾರ್ಜೆಕ್ ಇಲ್ಲಿ ಅಗೆಸಿದ. ಸುಮೇರಿಯನ್ನರು ಅನ್ನುವ ಜನ ಹೇಗಿದ್ದರು ಅಂತ ಜಗತ್ತು ಕಣ್ಣಾರೆ ಕಂಡದ್ದು ಈ ಊರಿನಿಂದ.

ಮೊದಲು ಎದುರಾದದ್ದು ಉರ್-ನಾನ್ಶೆಯ ಕಲ್ಲಿನ ಹಲಗೆ. ಕ್ರಿ.ಪೂ. 2500ರ ಹೊತ್ತಿನ ರಾಜ. ಹೆಂಡತಿ ಮಕ್ಕಳ ಎದುರು ತಲೆ ಮೇಲೆ ಬುಟ್ಟಿ ಹೊತ್ತು ನಿಂತಿದ್ದಾನೆ! ಅಂದರೆ ನಮ್ಮ ಉರ್-ನಮ್ಮುಗಿಂತ 400 ವರ್ಷ ಮೊದಲೇ ಈ ರೂಢಿ ಇತ್ತು. ಮುಂದೆ ಉತ್ತರ ಮೆಸೊಪೊಟೇಮಿಯಾದ ಅಸ್ಸೀರಿಯಾ ರಾಜ ಅಶ್ಶುರ್‌ಬನಿಪಾಲ ಕೂಡ ಬ್ಯಾಬಿಲೋನಿನ ಗುಡಿ ರಿಪೇರಿ ಮಾಡಿಸಿದಾಗ ಹೀಗೇ ಬುಟ್ಟಿ ಹೊತ್ತು ಕೆತ್ತಿಸಿಕೊಂಡ. ಅದು ಕ್ರಿ.ಪೂ. 7ನೇ ಶತಮಾನ. 1,800 ವರ್ಷ ಒಂದು ಬುಟ್ಟಿ ರಾಜರ ತಲೆಯಿಂದ ತಲೆಗೆ ಹೋಗಿದೆ.

ಲೋಹದವು ಗಾಜಿನೊಳಗೆ ಇದ್ದವು. ಗುಡೆಯಾ ಅನ್ನುವ ದೊರೆ ಪಾಯದಲ್ಲಿ ಹೂಳಿಸಿದ ತಾಮ್ರದ ಮೂರ್ತಿಗಳು. ಒಂದರಲ್ಲಿ ಕೊಂಬಿನ ಕಿರೀಟದ ದೇವರು ಮಂಡಿಯೂರಿ, ದಪ್ಪ ಗೂಟವೊಂದನ್ನು ಎರಡೂ ಕೈಯಲ್ಲಿ ಹಿಡಿದು ನೆಲಕ್ಕೆ ಊರುತ್ತಿದ್ದಾನೆ. ಮನೆ ಕಟ್ಟುವ ಮುಂಚೆ ದಾರ ಹಿಡಿದು ಮೂಲೆಗೆ ಗೂಟ ಹೊಡೆಯುತ್ತೇವಲ್ಲ, ಆ ಕೆಲಸವನ್ನು ದೇವರೇ ಮಾಡುತ್ತಿದ್ದಾನೆ. ತಮ್ಮ ಅಲ್ಲೇ ನಿಂತುಬಿಟ್ಟ. "ಅಪ್ಪ ಹೀಗೇ ಕೂರ್ತಿದ್ರು" ಅಂದ. ಹೌದು. ಒಂದು ಮಂಡಿ ನೆಲಕ್ಕೆ, ಇನ್ನೊಂದು ಮೇಲೆ. ಅಪ್ಪ ಹೋಗಿ ಆರು ವರ್ಷ. ಇಬ್ಬರೂ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

ಗುಡೆಯಾ ತಾನು ನಿಂಗಿರ್ಸು ದೇವರಿಗೆ ಗುಡಿ ಕಟ್ಟಿಸಿದ ಕಥೆಯನ್ನು ಎರಡು ದೊಡ್ಡ ಮಣ್ಣಿನ ಉರುಳೆಗಳ ಮೇಲೆ ಬರೆಸಿದ್ದಾನೆ. ಅವೂ ಲೂವ್ರ್‌ನಲ್ಲೇ ಇವೆ. ಅದರ ಅನುವಾದ ಓದಿಕೊಂಡು ಬಂದಿದ್ದೆ. ಕನಸಿನಲ್ಲಿ ದೇವರು ಬರುತ್ತಾನೆ, ಭೂಮಿ ಆಕಾಶದಷ್ಟು ದೊಡ್ಡವನು, ಅಂಜು ಹಕ್ಕಿಯ ರೆಕ್ಕೆ. ಗುಡಿ ಕಟ್ಟು ಅನ್ನುತ್ತಾನೆ. ಗುಡೆಯಾ ಮೊದಲ ಇಟ್ಟಿಗೆಗೆ ಮಣ್ಣು ಹದ ಮಾಡುವಾಗ ಜೇನು, ತುಪ್ಪ, ಕೆನೆ ಹಾಕುತ್ತಾನೆ. ತಾನೇ ಬುಟ್ಟಿ ಎತ್ತುತ್ತಾನೆ, ಅಚ್ಚಿಗೆ ಮಣ್ಣು ತುಂಬುತ್ತಾನೆ. ಇಟ್ಟಿಗೆ ಸರಿಯಾಗಿ ಬಂದಾಗ ಅದನ್ನು ಕಿರೀಟದ ಹಾಗೆ ಎತ್ತಿ ಜನರ ಮುಂದೆ ನಡೆಯುತ್ತಾನೆ.

ಅದೇ ಕೆಲಸದ ಬಗ್ಗೆ ಅವನ ಕಪ್ಪು ಕಲ್ಲಿನ ಮೂರ್ತಿಯೊಂದರ ಮೇಲೂ ಬರಹ ಇದೆ. ತಲೆ ಇಲ್ಲದ ಮೂರ್ತಿ, ತೊಡೆಯ ಮೇಲೆ ಗುಡಿಯ ನಕ್ಷೆ ಇಟ್ಟುಕೊಂಡಿದೆ. ಕೆಲಸ ನಡೆಯುವ ದಿನಗಳಲ್ಲಿ ಯಾರಿಗೂ ಚಾಟಿ ಏಟು ಬೀಳಲಿಲ್ಲ, ತಾಯಿ ಮಗುವಿಗೆ ಹೊಡೆಯಲಿಲ್ಲ ಅಂತ ಬರೆಸಿದ್ದಾನೆ. ನಿಜಕ್ಕೂ ಹಾಗೇ ನಡೆಯಿತೋ ಇಲ್ಲವೋ, ದೊರೆ ಹೇಳಿಕೊಂಡದ್ದು ಅದು. ಸಾವಿರಾರು ಬುಟ್ಟಿ ಹೊತ್ತವರ ಹೆಸರು ಆ ಕಲ್ಲಿನ ಮೇಲೆ ಇಲ್ಲ. ಆದರೂ ಆ ಸಾಲು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿದೆ. ನಾನು ಬೆಳೆದದ್ದು ಕಟ್ಟಡದ ಮರಳು ಗುಡ್ಡೆಯ ಮೇಲೆ. ಸೆಂಟ್ರಿಂಗ್ ಹಲಗೆಗೆ ಕಟ್ಟಿದ ಸೀರೆ ಜೋಲಿಯಲ್ಲಿ ತಮ್ಮ ಮಲಗುತ್ತಿದ್ದ. ಮೋಲ್ಡು ಹಾಕುವ ದಿನ ಅಮ್ಮನಿಗೆ ಅವನು ಅತ್ತರೂ ನೋಡಲು ಬಿಡುವಿರುತ್ತಿರಲಿಲ್ಲ. ಕಾಂಕ್ರೀಟು ಕಾಯುವುದಿಲ್ಲ. ಸಾಲಿನಲ್ಲಿ ಒಬ್ಬರು ನಿಂತರೆ ಎಲ್ಲರೂ ನಿಲ್ಲಬೇಕು. ನಾನು ಕಾಲಿಗೆ ಅಡ್ಡ ಹೋದಾಗ ಏಟು ತಿಂದಿದ್ದೇನೆ. ಸಂಜೆ ಅದೇ ಕೈಯಿಂದ ಅವಳು ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ಅಂಗೈ ಸಿಮೆಂಟಿಗೆ ಬಿರಿದು ಕೂದಲಿಗೆ ಸಿಕ್ಕಿಕೊಳ್ಳುತ್ತಿತ್ತು.

ಕೊನೆಗೆ ಎಂಟೆಮೆನಾ ರಾಜನ ಬೆಳ್ಳಿಯ ಹೂಜಿ ನೋಡಿದೆವು. ಸುಮಾರು 35 ಸೆಂಟಿಮೀಟರ್ ಎತ್ತರ, ತಾಮ್ರದ ಕಾಲು. ಮೈ ಸುತ್ತ ನಾಲ್ಕು ಸಲ ಅದೇ ಅಂಜು ಹಕ್ಕಿ. ಲಂಡನ್ನಿನಲ್ಲಿ ಅಷ್ಟು ದೊಡ್ಡದಾಗಿ ರೆಕ್ಕೆ ಚಾಚಿದ್ದ ಹಕ್ಕಿ ಇಲ್ಲಿ ಸೂಜಿ ಮೊನೆಯಷ್ಟು ತೆಳ್ಳನೆ ಗೆರೆಯಲ್ಲಿ ಕೂತಿದೆ.

ಹೊರಗೆ ಬಂದು ಅಮ್ಮನಿಗೆ ವಿಡಿಯೊ ಕಾಲ್ ಮಾಡಿದೆವು. ತಮ್ಮ ಗೂಟದ ದೇವರ ಫೋಟೊ ತೋರಿಸಿದ. ಅಮ್ಮ ಕನ್ನಡಕ ಹಾಕಿಕೊಂಡು ನೋಡಿದಳು. "ಪಾಯದಲ್ಲಿ ಹಾಕ್ತಿದ್ರಾ ಇದನ್ನ? ನಾವೂ ಹಾಕ್ತೀವಲ್ಲ" ಅಂದಳು.

"ನಮ್ಮನೆ ಗುದ್ದಲಿ ಪೂಜೆಲಿ ಏನೇನು ಹಾಕಿದ್ರಿ ಅಮ್ಮ?" ಅಂತ ಕೇಳಿದೆ.

"ಐನೋರು ಹೇಳಿದ್ದೆಲ್ಲ ಹಾಕಿದ್ವಿ. ನವಧಾನ್ಯ, ನವರತ್ನದ ಪೊಟ್ಟಣ, ಒಂದು ತಾಮ್ರದ ಕಾಸು, ಚೂರು ಬೆಳ್ಳಿ. ಈಶಾನ್ಯ ಮೂಲೆಲಿ. ಮೊದಲ್ನೇ ಬಾಂಡ್ಲಿ ಗಾರೆ ನಾನೇ ಹೊತ್ತಿದ್ದು. ನಿಮ್ಮಪ್ಪ ಬೇರೆಯವ್ರಿಗೆ ಕೊಡ್ಲಿಲ್ಲ."

"ಕಾಸು ಹಾಗೇ ಹಾಕಿದ್ರಾ?"

"ಹಾಗೇ ಯಾರು ಹಾಕ್ತಾರೆ? ಬಟ್ಟೇಲಿ ಕಟ್ಟಿ ಹಾಕಿದ್ದು."

"ಯಾವ ಬಟ್ಟೆ?"

"ಯಾವ್ದೋ ಕಣೇ. ಕೈಗೆ ಸಿಕ್ಕಿದ್ದು. ಸಿಂಬೆ ಬಟ್ಟೆ ಇರ್ಬೇಕು, ತಲೆ ಮೇಲೆ ಅದೇ ಅಲ್ವಾ ಇದ್ದಿದ್ದು" ಅಂದಳು. ಆಮೇಲೆ ಅಲ್ಲಿ ಚಳಿ ಇದೆಯಾ, ಸ್ವೆಟರ್ ಹಾಕ್ಕೊಂಡಿದೀರಾ ಅಂತ ಕೇಳಿದಳು.